ಹಳೆಯ ಡಿಸ್ಕುಗಳೂ ಹೆಸರಿಲ್ಲದ ಕಡತಗಳೂ

ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಬಳಸಿ ಬಿಟ್ಟ ಗಣಕಯಂತ್ರಗಳು ಹರಾಜಾಗಿ, ಅವುಗಳ ಹಾರ್ಡ್ ಡಿಸ್ಕುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿರುವುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಬಡ ವಿದ್ಯಾರ್ಥಿಗೂ ಸಣ್ಣ ವ್ಯಾಪಾರಿಗೂ ಇದರಿಂದ ಅನುಕೂಲವಿರುವ ಕಾರಣ ಈ ವ್ಯಾಪಾರವನ್ನು ನಾವು ಆಕ್ಷೇಪಿಸುವುದಿಲ್ಲ. ನಮ್ಮ ಆಕ್ಷೇಪವೆಲ್ಲ ಮಾರುವವರ ಉದಾಸೀನದ ಮೇಲೆ. ಒಳಗೆ ಏನಿದೆಯೆಂದು ಯಾರೊಬ್ಬರೂ ನೋಡದೆ ಡಿಸ್ಕನ್ನು ಮಾರಿಬಿಡುವುದರಿಂದ ಎರಡು ವಿಧವಾದ ಹಾನಿಯುಂಟು: ಅಳಿಯಬೇಕಾದುದು ಉಳಿಯುವುದು, ಉಳಿಯಬೇಕಾದುದು ಅಳಿಯುವುದು.

ಮಾರುವ ಮೊದಲು ಎಲ್ಲವನ್ನೂ ಅಳಿಸಿರುವೆವೆಂದು ಕೆಲವರು ಸಮಾಧಾನ ಹೇಳಬಹುದು. ಇದು ಭ್ರಮೆ. ಗಣಕಯಂತ್ರದಲ್ಲಿ ಕಡತವೊಂದನ್ನು ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಅದರ ಹೆಸರೂ ಅದು ಇರುವ ಸ್ಥಳದ ಗುರುತೂ ಮಾತ್ರ. ಆ ಸ್ಥಳದ ಮೇಲೆ ಬೇರೊಂದು ಬರಹ ಬೀಳುವವರೆಗೆ ವಿಷಯವು ಇದ್ದಲ್ಲಿಯೇ ಇರುವುದು. ಅವಸರದಿಂದ ಫಾರ್ಮ್ಯಾಟ್ ಮಾಡಿದರೂ ಫಲ ಹೆಚ್ಚುಕಡಿಮೆ ಇಷ್ಟೇ. ನಮ್ಮ ಹಿರಿಯರ ಕಡತವು ಬೇರೆ ಬಗೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿ, ಬಳಪದ ಕಲ್ಲಿನಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು; ಒರಸಿದರೆ ಬರಹ ನಿಜವಾಗಿಯೂ ಹೋಗುತ್ತಿತ್ತು. ಆ ಹೆಸರನ್ನೇ ಹೊತ್ತಿರುವ ಇಂದಿನ ಕಡತಕ್ಕೆ ಆ ಗುಣವಿಲ್ಲ.

ಹೆಸರು ಹೋದ ಕಡತವನ್ನು ಅಪರಿಚಿತನು ಹೇಗೆ ಗುರುತಿಸಬಲ್ಲನೆಂದು ಕೇಳಬಹುದು. ಅದೇನೂ ಮಂತ್ರವಿದ್ಯೆಯಲ್ಲ. ಬಹುತೇಕ ಕಡತಗಳು ತಾವು ಯಾವ ಬಗೆಯವೆಂಬುದನ್ನು ತಮ್ಮ ಮೊದಲ ಕೆಲವು ಬೈಟುಗಳಲ್ಲಿಯೇ ಸಾರುತ್ತವೆ. ಪಿ.ಡಿ.ಎಫ್. ಕಡತವು ಶೇಕಡಾ ಚಿಹ್ನೆಯಿಂದ ಆರಂಭವಾಗಿ, ಅದರ ಹಿಂದೆಯೇ ಆ ಮೂರು ಅಕ್ಷರಗಳನ್ನು ಹೊತ್ತಿರುವುದು. ಜಿಪ್ ಕಟ್ಟು ಪಿ.ಕೆ. ಎಂಬ ಅಕ್ಷರಗಳಿಂದ ಮೊದಲಾಗುವುದು. ಇವು ಅದನ್ನು ನಿರ್ಮಿಸಿದ ಅಮೆರಿಕದ ಫಿಲ್ ಕಾಟ್ಸ್ ಎಂಬವರ ಹೆಸರಿನ ಮೊದಲಕ್ಷರಗಳು. 2007ರ ಆವೃತ್ತಿಯಿಂದೀಚಿನ ವರ್ಡ್ ಮತ್ತು ಎಕ್ಸೆಲ್ ಕಡತಗಳೂ ವಾಸ್ತವವಾಗಿ ಜಿಪ್ ಕಟ್ಟುಗಳೇ ಆದುದರಿಂದ ಅವುಗಳಿಗೂ ಇದೇ ಮುದ್ರೆ. ಕಟ್ಟನ್ನು ಬಿಚ್ಚಿ ಒಳಗಿನ ಕೋಶಗಳ ಹೆಸರನ್ನು ನೋಡಿದರೆ ಅದು ಪತ್ರವೋ ಲೆಕ್ಕದ ಪಟ್ಟಿಯೋ ತಿಳಿದುಬರುವುದು. ಯೂನಿಕ್ಸ್ ವ್ಯವಸ್ಥೆಯಲ್ಲಿ ಕಡತದ ಬಗೆಯನ್ನು ಹೇಳುವ ‘ಫೈಲ್’ ಎಂಬ ಆಜ್ಞೆಯು 1973ರಿಂದಲೂ ಇದೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದವರು ‘ಪ್ರೊನಾಮ್’ ಎಂಬ ಲಕ್ಷಣಪಟ್ಟಿಯನ್ನೂ, ಅದರ ಆಧಾರದಿಂದ ಕಡತಗಳನ್ನು ಗುರುತಿಸುವ ‘ಡ್ರಾಯ್ಡ್’ ಎಂಬ ಸಾಧನವನ್ನೂ ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ಕೊಟ್ಟಿದ್ದಾರೆ. ‘ಫೋಟೊರೆಕ್’ ಎಂಬ ಮತ್ತೊಂದು ಉಚಿತ ಸಾಧನವು ಅಳಿಸಿದ ಕಡತಗಳನ್ನು ಇಂತಹ ಗುರುತುಗಳಿಂದಲೇ ಹುಡುಕಿ ಎತ್ತಿಕೊಡುವುದು. ಆದಕಾರಣ, ಹೆಸರನ್ನು ಬದಲಿಸಿದೆವು, ಕಸದ ಬುಟ್ಟಿಗೆ ಹಾಕಿದೆವು, ಇನ್ನು ಭಯವಿಲ್ಲವೆಂಬ ಮಾತಿಗೆ ಅರ್ಥವಿಲ್ಲ. ಗೂಢಲಿಪಿಯ ಬೀಗವಿಲ್ಲದ ಕಡತವೆಲ್ಲ ಬಾಗಿಲು ತೆರೆದಿಟ್ಟ ಮನೆಯೇ ಸರಿ.

ಇದು ಊಹೆಯ ಮಾತಲ್ಲವೆಂಬುದಕ್ಕೆ ಪರದೇಶಗಳ ಅನುಭವವೇ ಸಾಕ್ಷಿ. ಅಮೆರಿಕದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಎಂಬ ಇಬ್ಬರು ವಿದ್ವಾಂಸರು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ತಾವು ಕಂಡುದನ್ನು 2003ರಲ್ಲಿ ಪ್ರಕಟಿಸಿದರು. ಕೆಲಸಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಒರಸಲ್ಪಟ್ಟಿದ್ದವು 12 ಮಾತ್ರ. ಉಳಿದವುಗಳಲ್ಲಿ 5,000ಕ್ಕೂ ಮೀರಿದ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ದೊರೆತುವು. ಇಂಗ್ಲೆಂಡಿನ ಬ್ರೈಟನ್ ಪ್ರಾಂತದ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಶಪಡಿಸಲೆಂದು ಇಟ್ಟಿದ್ದ ಡಿಸ್ಕುಗಳು ಅಂತರಜಾಲದ ಹರಾಜಿನಲ್ಲಿ ಮಾರಾಟವಾಗಿ, ರೋಗಿಗಳ ಅತ್ಯಂತ ಗೋಪ್ಯವಾದ ವಿವರಗಳು ಹೊರಬಿದ್ದುವು. 2012ರಲ್ಲಿ ಆ ಆಸ್ಪತ್ರೆಗಳ ಆಡಳಿತಕ್ಕೆ 3,25,000 ಪೌಂಡುಗಳ ದಂಡ ವಿಧಿಸಲ್ಪಟ್ಟಿತು. ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯು ಈ ಕೆಲಸದ ಅನುಭವವೇ ಇಲ್ಲದ ಸಾಗಣೆಯ ಕಂಪನಿಯೊಂದಕ್ಕೆ ತನ್ನ ಹಳೆಯ ಯಂತ್ರಗಳನ್ನು ಒಪ್ಪಿಸಿತು. ಅವುಗಳಲ್ಲಿ ಕೆಲವು ಗ್ರಾಹಕರ ವಿವರಗಳ ಸಮೇತ ಹರಾಜಿಗೆ ಬಂದುವು. ಇದಕ್ಕಾಗಿ 2022ರಲ್ಲಿ ಆ ಸಂಸ್ಥೆಯು 3 ಕೋಟಿ 50 ಲಕ್ಷ ಡಾಲರುಗಳ ದಂಡ ತೆರಬೇಕಾಯಿತು. ಅಷ್ಟು ಹಣಬಲವೂ ಪರಿಣತರ ಸಹಾಯವೂ ಇದ್ದವರ ಪಾಡು ಹೀಗಾದರೆ, ನಮ್ಮ ಪುರಸಭೆ, ಸಹಕಾರ ಸಂಘ, ಔಷಧಾಲಯಗಳ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಎರಡನೆಯ ಹಾನಿಯ ಕಡೆಗೆ ಯಾರ ಲಕ್ಷ್ಯವೂ ಹೋಗಿಲ್ಲ. ಆದರೆ ಕನ್ನಡಿಗರಿಗೆ ಅದೇ ಹೆಚ್ಚು ಸಂಕಟದ್ದು. ಕನ್ನಡ ಲಿಪಿಯು 1991ರಲ್ಲಿಯೇ ಯೂನಿಕೋಡಿನಲ್ಲಿ ಸೇರಿದ್ದರೂ ಬಹುಕಾಲ ನಮ್ಮ ಕಚೇರಿಗಳೂ ಅಚ್ಚುಕೂಟಗಳೂ ನಡೆದುದು ನುಡಿ, ಬರಹ, ಆಕೃತಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಪ್ರತ್ಯೇಕ ಅಕ್ಷರಜೋಡಣೆಯಿಂದ. ಇವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದುವು. ಹಳೆಯ ನುಡಿಯ ಕಡತವನ್ನು ಅದರ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಮಾತು ಇಂಗ್ಲಿಷಿನ ಪಿ ಅಕ್ಷರದಿಂದ ಮೊದಲಾಗುವ ಅರ್ಥಹೀನ ಗೀಚಾಗಿ ಕಾಣುವುದು. ನೋಡಿದ ಗುಮಾಸ್ತನು ಕಡತ ಕೆಟ್ಟುಹೋಗಿದೆಯೆಂದು ಬಗೆದು ತೆಗೆದುಹಾಕಿದರೆ ಅವನನ್ನು ದೂರಿ ಫಲವೇನು? ಅದು ಗ್ರಾಮಸಭೆಯ ನಡಾವಳಿಯಾಗಿರಬಹುದು, ಪುರಸಭೆಯ ಠರಾವಾಗಿರಬಹುದು, ಲೇಖಕನೊಬ್ಬನ ಅಚ್ಚಾಗದ ಕೃತಿಯಾಗಿರಬಹುದು. ಕಡತವು ಕೆಟ್ಟಿರುವುದಿಲ್ಲ, ತಕ್ಕ ಅಕ್ಷರಶೈಲಿಯನ್ನು ಹಚ್ಚಿದೊಡನೆ ಓದಲು ಬರುವುದು. ಅದನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳೂ ಇವೆ.

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಯ ಕಟ್ಟನ್ನು ಶ್ಯಾಮಶಾಸ್ತ್ರಿಗಳು ಬಿಚ್ಚಿ ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದರು. ಓದಲಾಗದ ಗರಿಯೆಂದು ಅದನ್ನು ಮೂಲೆಗೆ ಹಾಕಿದ್ದರೆ ದೇಶಕ್ಕಾಗುತ್ತಿದ್ದ ನಷ್ಟವೆಷ್ಟು! ಪ್ರತಿಯೊಂದು ಹಳೆಯ ಡಿಸ್ಕಿನಲ್ಲಿಯೂ ಅರ್ಥಶಾಸ್ತ್ರವಿರುವುದೆಂದು ನಾವು ಹೇಳುವುದಿಲ್ಲ. ತೆರೆದು ನೋಡದೆ ಇಲ್ಲವೆನ್ನುವ ಅಧಿಕಾರ ಯಾರಿಗೂ ಇಲ್ಲವೆಂದಷ್ಟೇ ನಮ್ಮ ವಾದ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಕೇಂದ್ರ ಸರ್ಕಾರದ ದಾಖಲೆಗಳಿಗೆ ಸಂಬಂಧಿಸಿದ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಗಣಕಯಂತ್ರದಲ್ಲಿ ಹುಟ್ಟಿದುದನ್ನೂ ದಾಖಲೆಯೆಂದೇ ಎಣಿಸಿ, ಕ್ರಮ ತಪ್ಪಿ ಅದನ್ನು ನಾಶಪಡಿಸಿದವರಿಗೆ ಶಿಕ್ಷೆಯನ್ನು ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವಾದರೋ, ಉದ್ದೇಶ ತೀರಿದ ಮೇಲೆ ಜನರ ಸ್ವಂತ ವಿವರಗಳನ್ನು ಅಳಿಸಬೇಕೆಂದು ವಿಧಿಸಿ, ರಕ್ಷಣೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಮಾಡಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಬೇಕಾಗಿವೆ. ಒಂದು ಉಳಿಸೆನ್ನುವುದು, ಮತ್ತೊಂದು ಅಳಿಸೆನ್ನುವುದು. ಡಿಸ್ಕಿನಲ್ಲಿ ಏನಿದೆಯೆಂದು ತಿಳಿಯದವನು ಎರಡರಲ್ಲಿ ಯಾವುದನ್ನು ತಾನೇ ಪಾಲಿಸಬಲ್ಲನು? ಎಲ್ಲ ಡಿಸ್ಕುಗಳನ್ನೂ ಸುತ್ತಿಗೆಯಿಂದ ಒಡೆದರಾಯಿತೆಂಬ ಸುಲಭೋಪಾಯವೂ ಇದರಿಂದಲೇ ತಳ್ಳಿಹೋಗುವುದು.

ಆದುದರಿಂದ ಅಧಿಕಾರಿವರ್ಗದವರಿಗೆ ನಮ್ಮ ಸೂಚನೆಯಿಷ್ಟು. ಹರಾಜಿಗೆ ಮೊದಲು ಪ್ರತಿ ಡಿಸ್ಕನ್ನೂ ಓದಲು ಮಾತ್ರ ಅವಕಾಶವಿರುವಂತೆ ಜೋಡಿಸಿ, ಅದರ ಪ್ರತಿಯನ್ನು ತೆಗೆದು, ಆ ಪ್ರತಿಯನ್ನು ಜಾಲದ ಸಂಪರ್ಕವಿಲ್ಲದ ಯಂತ್ರದಲ್ಲಿ ತೆರೆಯತಕ್ಕದ್ದು. ಎಂ.ಜೆಡ್. ಎಂಬ ಅಕ್ಷರಗಳಿಂದ ಮೊದಲಾಗುವ ಕಡತವು ವಿಂಡೋಸಿನ ಕಾರ್ಯಕ್ರಮ. ಅದನ್ನು ತೆರೆಯುವುದೆಂದರೆ ಓಡಿಸುವುದಾದ ಕಾರಣ ಅದರ ಗೊಡವೆಗೆ ಹೋಗಬಾರದು. ದಾಖಲೆಗಳನ್ನು ಪಟ್ಟಿಮಾಡಿ, ಕನ್ನಡದವುಗಳನ್ನು ಯೂನಿಕೋಡಿಗೆ ತಿರುಗಿಸಿ, ಮೂಲದೊಡನೆ ಪತ್ರಾಗಾರಕ್ಕೆ ಒಪ್ಪಿಸತಕ್ಕದ್ದು. ಆಮೇಲೆ ಡಿಸ್ಕನ್ನು ಒರಸಿ, ಒರಸಿದವನ ರುಜುವನ್ನು ಪುಸ್ತಕದಲ್ಲಿ ಪಡೆಯತಕ್ಕದ್ದು. ಕಾಂತೀಯ ಡಿಸ್ಕಾದರೆ ಆದ್ಯಂತವಾಗಿ ಒಂದು ಬಾರಿ ಮೇಲೆ ಬರೆದರೆ ಸಾಮಾನ್ಯವಾಗಿ ಸಾಕು, ಎಸ್.ಎಸ್.ಡಿ. ಆದರೆ ಅದರದೇ ಅಳಿಸುವ ಆಜ್ಞೆಯನ್ನು ಬಳಸಬೇಕು. ಇದಕ್ಕೆ ಬೇಕಾಗುವುದು ಸ್ವಲ್ಪ ಹೊತ್ತೂ ಸ್ವಲ್ಪ ಶ್ರದ್ಧೆಯೂ, ಹಣವು ಅತ್ಯಲ್ಪ.

ಕೊಳ್ಳುವ ಮಹಾಶಯರಿಗೂ ಒಂದು ಮಾತು. ಡಿಸ್ಕನ್ನು ಕೊಂಡವನು ಅದರಲ್ಲಿರುವ ಅನ್ಯರ ಬಾಳನ್ನು ಕೊಂಡಂತಾಗಲಿಲ್ಲ. ಕುತೂಹಲಕ್ಕಾಗಿ ತೆರೆದ ಕಡತದಲ್ಲಿ ಪರರ ಚಿತ್ರವೋ ರೋಗದ ವಿವರವೋ ಬ್ಯಾಂಕಿನ ಲೆಕ್ಕವೋ ಕಂಡರೆ ಅಲ್ಲಿಗೇ ನಿಲ್ಲಿಸಿ, ಪ್ರತಿ ಮಾಡದೆ, ಯಾರಿಗೂ ತೋರಿಸದೆ ಒರಸಿಬಿಡುವುದು ಸಭ್ಯರ ಲಕ್ಷಣ. ಕಚೇರಿಯ ದಾಖಲೆಯೆಂದು ತೋರಿದರೆ ಆ ಕಚೇರಿಗೆ ತಿಳಿಸುವುದು ನಾಗರಿಕನ ಕರ್ತವ್ಯ.

ಸ್ವರಾಜ್ಯದಲ್ಲಿ ಸರ್ಕಾರದ ಕಾಗದಪತ್ರಗಳು ಪ್ರಜೆಗಳವೇ. ಅವುಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆರೆದು ನೋಡಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಮುಂದಿನ ಹರಾಜಿನ ಪ್ರಕಟಣೆ ಹೊರಡುವ ಮುನ್ನವೇ ಸರ್ಕಾರದವರು ಈ ಬಗ್ಗೆ ಎಲ್ಲ ಇಲಾಖೆಗಳಿಗೂ ಕಟ್ಟುನಿಟ್ಟಾದ ಸುತ್ತೋಲೆಯನ್ನು ಕಳುಹಿಸುವರೆಂದು ನಾವು ನಿರೀಕ್ಷಿಸುತ್ತೇವೆ.