"ಕೋಚ್‌ನ ಆಟಕ್ಕೆ ಆಟಗಾರರು ಒಗ್ಗುವುದಿಲ್ಲ, ಅದಕ್ಕೇ ಸೋಲು": ಈ ಮಾತು ಎಷ್ಟು ನಿಜ?

ಫುಟ್‌ಬಾಲ್ ಸೀಸನ್ ಶುರುವಾದರೆ ಸಾಕು, ನಂಜನಗೂಡು, ಟಿ. ನರಸೀಪುರ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಒಂದು ಬಗೆಯ ಫಾರ್ವರ್ಡ್ ಓಡಾಡತೊಡಗುತ್ತದೆ. ಬೆಂಗಳೂರು ಎಫ್‌ಸಿ ಸೋತರೂ ಬರುತ್ತದೆ, ಮ್ಯಾಂಚೆಸ್ಟರ್ ಯುನೈಟೆಡ್ ಸೋತರೂ ಬರುತ್ತದೆ. ಕ್ಲಬ್ಬಿನ ಹೆಸರು ಬದಲಾಗುತ್ತದೆ, ಒಕ್ಕಣೆ ಬದಲಾಗುವುದಿಲ್ಲ: "ಈ ಕೋಚ್‌ನ ಆಟಕ್ಕೆ ಈ ಆಟಗಾರರು ಒಗ್ಗುವವರಲ್ಲ. ಅರ್ಧ ತಂಡ ಖಾಲಿ ಮಾಡಿದರೆ ಮಾತ್ರ ಗೆಲುವು." ಜೊತೆಗೆ ನಾಲ್ಕೈದು ಆಟಗಾರರ ಫೋಟೊ, ಮೇಲೆ ಕೆಂಪು ಗೀಟು.

ಕೇಳುವುದಕ್ಕೆ ಬುದ್ಧಿವಂತಿಕೆಯ ಮಾತಿನಂತೆಯೇ ಇದೆ. ಆದರೆ ಇದು ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ: ಅರ್ಧ ನಿಜ. ಆಟಗಾರರಿಗೂ ಕೋಚ್‌ನ ಶೈಲಿಗೂ ಹೊಂದಾಣಿಕೆ ಬೇಕು ಎನ್ನುವುದು ಸರಿ. ಆದರೆ "ಒಗ್ಗುತ್ತಾನೆ", "ಒಗ್ಗುವುದಿಲ್ಲ" ಎನ್ನುವುದು ಆಟಗಾರನ ಹಣೆಯ ಮೇಲೆ ಬರೆದಿರುವ ಗುಣವಲ್ಲ. ಜೊತೆಗೆ ಯಾರು ಆಡುತ್ತಾರೆ, ಎಷ್ಟು ಸಮಯ ಸಿಕ್ಕಿದೆ, ಯಾವ ಕೆಲಸ ಕೊಟ್ಟಿದ್ದಾರೆ ಎನ್ನುವುದರ ಮೇಲೆ ಅದು ಬದಲಾಗುತ್ತದೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಬೆಂಗಳೂರು ಎಫ್‌ಸಿಯ ಚರಿತ್ರೆಯಲ್ಲೇ ಇದೆ.

ಮೊದಲು, "ಶೈಲಿ" ಅಂದರೇನು?

ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಗೆ ಕೋಚ್ ಕೊಡುವ ಉತ್ತರವೇ ತಂಡದ ಶೈಲಿ.

ಒಂದು, ಚೆಂಡು ನಮ್ಮ ಕಾಲಲ್ಲಿದ್ದಾಗ ಏನು ಮಾಡಬೇಕು? ಚಿಕ್ಕ ಚಿಕ್ಕ ಪಾಸ್ ಕೊಡುತ್ತಾ ಹಿಂದಿನಿಂದ ಆಟ ಕಟ್ಟುತ್ತಾ ಬರುವುದು ಒಂದು ದಾರಿ. ಉದ್ದಕ್ಕೆ ಒದ್ದು ಸ್ಟ್ರೈಕರ್‌ನ ತಲೆಗೆ ಮುಟ್ಟಿಸುವುದು ಇನ್ನೊಂದು.

ಎರಡು, ಚೆಂಡು ಎದುರಾಳಿಯ ಬಳಿ ಇದ್ದಾಗ? ಮೇಲೆ ಬಿದ್ದು ಅವರ ಅಂಗಳದಲ್ಲೇ ಕಿತ್ತುಕೊಳ್ಳುವುದನ್ನು ಪ್ರೆಸ್ಸಿಂಗ್ ಅನ್ನುತ್ತಾರೆ. ಅದು ಬೇಡವೆನ್ನುವವರು ತಮ್ಮ ಗೋಲಿನ ಮುಂದೆ ಒತ್ತಾಗಿ ನಿಂತು ಕಾಯುತ್ತಾರೆ.

ಮೂರು, ಚೆಂಡು ಕೈ ಬದಲಾದ ಆ ಕೆಲವೇ ಸೆಕೆಂಡುಗಳಲ್ಲಿ? ತಕ್ಷಣ ಮುಂದೆ ನುಗ್ಗುವುದೋ, ನಿಧಾನಿಸುವುದೋ?

ಪ್ರತಿ ಉತ್ತರವೂ ಬೇರೆ ಬೇರೆ ಬಗೆಯ ದೇಹ ಮತ್ತು ಕೌಶಲ ಕೇಳುತ್ತದೆ. ದೊಡ್ಡ ಲೀಗ್‌ಗಳಲ್ಲಿ ಮಿಡ್‌ಫೀಲ್ಡರ್ ಒಬ್ಬ ಪಂದ್ಯಕ್ಕೆ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಪ್ರೆಸ್ಸಿಂಗ್ ಆಟದಲ್ಲಿ ಈ ದೂರಕ್ಕಿಂತ ಮುಖ್ಯವಾದದ್ದು, ಅದರ ನಡುವೆ ಮತ್ತೆ ಮತ್ತೆ ಜೋರಾಗಿ ಓಡಿ ಮತ್ತೆ ಸುಧಾರಿಸಿಕೊಳ್ಳುವ ಶಕ್ತಿ. ಅಲ್ಲಿ ಡಿಫೆಂಡರ್‌ಗಳೂ ಮೈದಾನದ ನಡುವಿನವರೆಗೆ ಮುಂದೆ ಬಂದು ನಿಲ್ಲುತ್ತಾರೆ, ಹಿಂದೆ ದೊಡ್ಡ ಬಯಲು ಖಾಲಿ ಇರುತ್ತದೆ. ನಿಧಾನ ಓಡುವ ಡಿಫೆಂಡರ್ ಅಲ್ಲಿ ಕಷ್ಟಪಡುತ್ತಾನೆ. ಅದೇ ಆಟಗಾರ ಗೋಲಿನ ಮುಂದೆ ನಿಂತು ಕಾಯುವ ತಂಡದಲ್ಲಿ ಬಂಡೆಯಂತೆ ಕಾಣಬಹುದು.

ಒಗ್ಗದಿರುವುದು ನಿಜಕ್ಕೂ ಉಂಟೆ?

ಉಂಟು. 2016ರಲ್ಲಿ ಪೆಪ್ ಗಾರ್ಡಿಯೋಲಾ ಮ್ಯಾಂಚೆಸ್ಟರ್ ಸಿಟಿಗೆ ಬಂದಾಗ ಅಲ್ಲಿನ ಗೋಲ್‌ಕೀಪರ್ ಜೋ ಹಾರ್ಟ್. ಆ ಕ್ಲಬ್ಬಿನೊಂದಿಗೆ ಎರಡು ಸಲ ಲೀಗ್ ಗೆದ್ದವರು, ಹೊಡೆತ ತಡೆಯುವುದರಲ್ಲಿ ಗಟ್ಟಿಗ. ಆದರೆ ಗಾರ್ಡಿಯೋಲಾಗೆ ಕಾಲಲ್ಲಿ ಪಾಸ್ ಕೊಟ್ಟು ಆಟ ಶುರುಮಾಡುವ ಕೀಪರ್ ಬೇಕಿತ್ತು. ಹಾರ್ಟ್ ಇಟಲಿಯ ಟೊರಿನೊ ಕ್ಲಬ್ಬಿಗೆ ಸಾಲದ ಮೇಲೆ ಹೋದರು. ಬಾರ್ಸಿಲೋನಾದಿಂದ ಕ್ಲಾಡಿಯೊ ಬ್ರಾವೊ ಬಂದರು.

ಫಾರ್ವರ್ಡ್ ಮಾಡುವವರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಏನಾಯಿತು ನೋಡಿ. ಬ್ರಾವೊ ಶೈಲಿಗೆ ಹೇಳಿ ಮಾಡಿಸಿದಂಥ ಕೀಪರ್. ಆದರೂ ಮೊದಲ ಸೀಸನ್‌ನಲ್ಲೇ ಹೊಡೆತಗಳನ್ನು ತಡೆಯಲಾಗದೆ ಟೀಕೆಗೆ ಗುರಿಯಾದರು. ಸಿಟಿ ಮೂರನೇ ಸ್ಥಾನಕ್ಕೆ ತೃಪ್ತಿಪಟ್ಟಿತು. 2017ರಲ್ಲಿ ಎಡರ್ಸನ್ ಬಂದರು, ಕಾಲಿನ ಆಟವೂ ಬರುತ್ತಿತ್ತು, ಕೈಯ ಕೆಲಸವೂ ಗಟ್ಟಿಯಾಗಿತ್ತು. ಆ ಸೀಸನ್‌ನಲ್ಲಿ ಸಿಟಿ 100 ಅಂಕ ಗಳಿಸಿ ಲೀಗ್ ಗೆದ್ದಿತು. ಅಂದರೆ ಶೈಲಿಗೆ ಹೊಂದುವುದು ಬೇಕಾದ ಗುಣಗಳಲ್ಲಿ ಒಂದು, ಅದೊಂದೇ ಇದ್ದರೆ ಸಾಲದು.

ಬೆಂಗಳೂರು ಎಫ್‌ಸಿ ಕಲಿಸುವ ಮೂರು ಪಾಠ

2013ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಚರಿತ್ರೆಯಲ್ಲಿ ನಮಗೆ ಬೇಕಾದ ಮೂರು ಬಗೆಯ ಉದಾಹರಣೆಗಳೂ ಸಿಗುತ್ತವೆ. ಇವು ಪ್ರಯೋಗಾಲಯದ ಪರೀಕ್ಷೆಗಳಲ್ಲ, ಆದರೂ ಫಾರ್ವರ್ಡ್ ಮಾತನ್ನು ತೂಗಿ ನೋಡಲು ಸಾಕು.

ಪಾಠ 1: ಆಟಗಾರರು ಬಹುಪಾಲು ಅವರೇ, ಕೋಚ್ ಹೊಸಬರು. ಮೊದಲ ಕೋಚ್ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ದೇಹದಾರ್ಢ್ಯ, ಶಿಸ್ತು, ನೇರ ಆಟಕ್ಕೆ ಹೆಸರಾದವರು. 2013-14 ಮತ್ತು 2015-16ರಲ್ಲಿ ಐ-ಲೀಗ್ ಗೆದ್ದುಕೊಟ್ಟರು. 2016ರ ಜುಲೈನಲ್ಲಿ ಬಂದ ಸ್ಪೇನ್‌ನ ಆಲ್ಬರ್ಟ್ ರೋಕಾ ಹಿಂದೆ ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದವರು, ಚೆಂಡನ್ನು ನೆಲದಲ್ಲೇ ಇಟ್ಟು ಆಡಿಸುವವರು. ಫಾರ್ವರ್ಡ್ ಲೆಕ್ಕದಲ್ಲಿ ತಂಡ ಕುಸಿಯಬೇಕಿತ್ತು. ಆದರೆ ಛೆಟ್ರಿ, ಯೂಜೆನ್‌ಸನ್ ಲಿಂಗ್ಡೊ, ಸಿ.ಕೆ. ವಿನೀತ್ ಅವರಂಥ ಹಳಬರೇ ಇದ್ದ ತಂಡ ಕೆಲವೇ ತಿಂಗಳಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಆ ಮಟ್ಟ ಮುಟ್ಟಿದ ಭಾರತದ ಮೊದಲ ಕ್ಲಬ್ ಅದು. 2016ರ ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಅಲ್-ಕುವಾ ಅಲ್-ಜವಿಯಾ ವಿರುದ್ಧ 1-0ರಿಂದ ಸೋತಿತು.

ಆದರೆ ಅದಾದ ಮೇಲಿನ ಐ-ಲೀಗ್‌ನಲ್ಲಿ ಇದೇ ತಂಡ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಆ ಸೀಸನ್‌ನ ಕೊನೆಗೆ ಫೆಡರೇಶನ್ ಕಪ್ ಗೆದ್ದಿತು. ಹಾಗಿದ್ದರೆ ಆಟಗಾರರು ರೋಕಾಗೆ ಒಗ್ಗಿದರೋ ಇಲ್ಲವೋ? ಯಾವ ತಿಂಗಳಲ್ಲಿ ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಪಾಠ 2: ಕೋಚ್ ಅವರೇ, ಆಟಗಾರರೂ ಅವರೇ. 2022-23ರ ಐಎಸ್‌ಎಲ್‌ನಲ್ಲಿ ಸೈಮನ್ ಗ್ರೇಸನ್ ಅವರ ತಂಡ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು ಕಂಡಿತು. ಆಮೇಲೆ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ನಾಲ್ಕನೇ ಸ್ಥಾನಕ್ಕೇರಿತು. 2023ರ ಮಾರ್ಚ್ 18ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಜೊತೆ 2-2 ಸಮ ಮಾಡಿಕೊಂಡು ಪೆನಾಲ್ಟಿಯಲ್ಲಷ್ಟೇ ಸೋತಿತು. ನಡುವೆ ಅರ್ಧ ತಂಡ ಖಾಲಿಯಾಗಲಿಲ್ಲ. ಬದಲಾದದ್ದು ಜೋಡಣೆ. ಯುವಕ ಶಿವಶಕ್ತಿ ನಾರಾಯಣನ್ ಮುಂದಿನ ಸಾಲಿನಲ್ಲಿ ರಾಯ್ ಕೃಷ್ಣ ಜೊತೆಗೂಡಿದರು. ನಾಯಕ ಛೆಟ್ರಿ ಹಲವು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದು ಆಡಿದರು. ಒಂದಿಬ್ಬರ ಜಾಗ ಬದಲಾದದ್ದರಿಂದ ಉಳಿದವರೂ "ಒಗ್ಗಿದರು".

ಪಾಠ 3: ಕೋಚ್ ಅವರೇ, ಆಟಗಾರರು ಹೊಸಬರು. 2023ರ ಡಿಸೆಂಬರ್‌ನಲ್ಲಿ, ಸೀಸನ್ ನಡುವೆ, ಜೆರಾರ್ಡ್ ಝರಗೋಝಾ ಬಂದರು. ತಂಡ 12ರಲ್ಲಿ 10ನೆಯದಾಗಿ ಮುಗಿಸಿತು. ಮುಂದಿನ ಸೀಸನ್‌ಗೆ ಆಲ್ಬರ್ಟೊ ನೊಗೇರಾ, ಜಾರ್ಜ್ ಪೆರೇರಾ ಡಿಯಾಜ್, ರಾಹುಲ್ ಭೇಕೆ ಮುಂಬೈ ಸಿಟಿಯಿಂದ ಬಂದರು. ಬೆಂಗಳೂರು ಲೀಗ್‌ನಲ್ಲಿ ಮೂರನೆಯದಾಗಿ, 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದವರೆಗೂ ಹೋರಾಡಿ ಮೋಹನ್ ಬಾಗಾನ್‌ಗೆ 2-1ರಿಂದ ಸೋತಿತು. ಈ ಉದಾಹರಣೆ ಫಾರ್ವರ್ಡ್ ಪರವಾಗಿಯೇ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಸೀಸನ್‌ನಲ್ಲಿ 14 ಗೋಲು ಹೊಡೆದವರು ಯಾರು? 40 ದಾಟಿದ ಛೆಟ್ರಿ. ಹಿಂದಿನ ಸೀಸನ್‌ನಲ್ಲೂ ಅದೇ ಕೋಚ್ ಕೈಕೆಳಗೆ ಇದ್ದವರೇ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಒಂದೇ ಸೂತ್ರ ಎಲ್ಲಕ್ಕೂ ಹೊಂದುವುದಿಲ್ಲ.

ಸೋಲಿಗೆ ಬೇರೆ ಕಾರಣಗಳೂ ಇರುತ್ತವೆ

ನಂಜನಗೂಡು ರಸಬಾಳೆಯನ್ನೇ ತೆಗೆದುಕೊಳ್ಳಿ. ಬೇರೆ ಕಡೆ ನೆಟ್ಟರೆ ಆ ರುಚಿ ಬರುವುದಿಲ್ಲ ಎನ್ನುವುದು ನಮ್ಮ ಕಡೆಯ ಬೆಳೆಗಾರರೆಲ್ಲ ಆಡುವ ಮಾತು. ಭೌಗೋಳಿಕ ಸೂಚಿಯ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಮಣ್ಣಿಗೂ ಬೆಳೆಗೂ ಇದಕ್ಕಿಂತ ಹೊಂದಾಣಿಕೆ ಬೇಕೆ? ಆದರೂ ಪನಾಮ ಸೊರಗು ರೋಗ ಬಂದು, ಅದೇ ಮಣ್ಣಿನಲ್ಲಿ ರಸಬಾಳೆ ತೋಟಗಳು ವಿರಳವಾದವು. ಹೊಂದಾಣಿಕೆ ಸರಿಯಿದ್ದ ಮಾತ್ರಕ್ಕೆ ಫಸಲು ಬಂದೇ ಬರುತ್ತದೆ ಎಂದೇನಿಲ್ಲ.

ಫುಟ್‌ಬಾಲ್‌ನಲ್ಲಿ ಆ ರೋಗದ ಜಾಗದಲ್ಲಿ ಗಾಯಗಳಿವೆ, ಅಮಾನತುಗಳಿವೆ, ಬಿಡುವಿಲ್ಲದ ಪ್ರಯಾಣವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅದೃಷ್ಟವಿದೆ. ದೊಡ್ಡ ಲೀಗ್‌ಗಳಲ್ಲಿ ಪಂದ್ಯಕ್ಕೆ ಸರಾಸರಿ ಎರಡೂವರೆಯಿಂದ ಮೂರು ಗೋಲು ಬೀಳುತ್ತವೆ, ಅಷ್ಟೆ. ಇಷ್ಟು ಕಡಿಮೆ ಗೋಲು ಬೀಳುವ ಆಟದಲ್ಲಿ ಕಂಬಕ್ಕೆ ಬಡಿದ ಒಂದು ಹೊಡೆತ, ತಪ್ಪಾಗಿ ಕೊಟ್ಟ ಒಂದು ಪೆನಾಲ್ಟಿ ಫಲಿತಾಂಶವನ್ನೇ ತಿರುಗಿಸುತ್ತದೆ. ನಾಲ್ಕು ಪಂದ್ಯ ನೋಡಿ ತಂಡದ ಹಣೆಬರಹ ಹೇಳುವುದು, ನಾಲ್ಕು ಸಲ ನಾಣ್ಯ ಚಿಮ್ಮಿಸಿ ನಾಣ್ಯವೇ ಖೋಟಾ ಎಂದಂತೆ.

ಇದನ್ನು ಅಂಕಿ-ಅಂಶ ಇಟ್ಟುಕೊಂಡು ಪರೀಕ್ಷಿಸಿದವರಿದ್ದಾರೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ತೆಗೆದುಕೊಂಡರು. ಸೋಲಿನ ಸರಣಿಯಲ್ಲಿ ಸಿಕ್ಕಿ ಕೋಚ್‌ನನ್ನು ಕಿತ್ತುಹಾಕಿದ ಕ್ಲಬ್‌ಗಳನ್ನು, ಅಂಥದೇ ಸ್ಥಿತಿಯಲ್ಲಿದ್ದೂ ಕೋಚ್‌ನನ್ನು ಉಳಿಸಿಕೊಂಡ ಕ್ಲಬ್‌ಗಳ ಜೊತೆ ಹೋಲಿಸಿದರು. ಕೋಚ್ ಬದಲಾಯಿಸಿದ್ದರಿಂದ ವಿಶೇಷ ಲಾಭವೇನೂ ಕಾಣಲಿಲ್ಲ. ತೀರಾ ಕೆಳಗೆ ಬಿದ್ದ ತಂಡ ಸಾಮಾನ್ಯವಾಗಿ ತಾನಾಗಿಯೇ ತನ್ನ ಸರಾಸರಿ ಮಟ್ಟಕ್ಕೆ ವಾಪಸ್ ಬರುತ್ತದೆ. ನಾವು ಮಾತ್ರ ಅದರ ಹೆಸರನ್ನು ಆಗ ತಾನೇ ಬಂದವರಿಗೆ ಕೊಡುತ್ತೇವೆ.

ಎದುರು ಉದಾಹರಣೆ ಬೇಕೆನ್ನುವವರು ಮ್ಯಾಂಚೆಸ್ಟರ್ ಯುನೈಟೆಡ್ ಹೆಸರು ಹೇಳುತ್ತಾರೆ. 2024ರ ನವೆಂಬರ್‌ನಲ್ಲಿ ಬಂದ ರೂಬೆನ್ ಅಮೋರಿಮ್ ಮೂವರು ಸೆಂಟರ್ ಬ್ಯಾಕ್‌ಗಳ ತಮ್ಮ ಪದ್ಧತಿಯನ್ನು ಸೀಸನ್ ನಡುವೆಯೇ ಹಿಡಿದು ಬಿಡಲಿಲ್ಲ, ತಂಡ 15ನೇ ಸ್ಥಾನಕ್ಕೆ ಕುಸಿಯಿತು. ಒಗ್ಗದಿರುವುದು ಇಲ್ಲಿ ಒಂದು ಕಾರಣವೇ. ಆದರೆ ಅವರು ಬರುವ ಮೊದಲೇ, ಬೇರೆ ಪದ್ಧತಿಯಲ್ಲಿ ಆಡುತ್ತಿದ್ದಾಗಲೇ, ಆ ತಂಡ ಪಟ್ಟಿಯ ಕೆಳಗಿನ ಅರ್ಧದಲ್ಲಿತ್ತು.

ನಮ್ಮ ಊರಿನ ತಂಡಕ್ಕೂ ಇದಕ್ಕೂ ಏನು ಸಂಬಂಧ?

ದೊಡ್ಡ ಕ್ಲಬ್‌ಗಳು ದುಡ್ಡು ಕೊಟ್ಟು ಆಟಗಾರರನ್ನು ತರುತ್ತವೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡ ಕಟ್ಟುವ ಪಿ.ಟಿ. ಮೇಷ್ಟ್ರಿಗೆ ಆ ಅನುಕೂಲ ಎಲ್ಲಿದೆ? ಶಾಲೆಯಲ್ಲಿ ಇರುವ ಮಕ್ಕಳೇ ಅವರ ತಂಡ. ನಾಲೆಯ ಕೊನೆಯಲ್ಲಿ ಜಮೀನಿರುವ ರೈತ ಜಮೀನು ಬದಲಾಯಿಸುವುದಿಲ್ಲ, ಸಿಗುವ ನೀರು ನೋಡಿ ಬೆಳೆ ಆರಿಸುತ್ತಾನೆ. ಇಲ್ಲಿಯೂ ಹಾಗೆಯೇ, ಮಕ್ಕಳನ್ನು ನೋಡಿ ಆಟ ಆರಿಸಬೇಕು.

ಹೀಗೆ ಆರಿಸಿ ಗೆದ್ದವರೂ ಇದ್ದಾರೆ. 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿಗೆ ಬಂದ ಕ್ಲಾಡಿಯೊ ರನಿಯೇರಿ ಆಟಗಾರರ ಮೇಲೆ ಹೊಸ ಶೈಲಿ ಹೇರಲಿಲ್ಲ. ಜೇಮಿ ವಾರ್ಡಿಯ ಓಟವಿತ್ತು, ರಿಯಾದ್ ಮಹ್ರೆಜ್‌ನ ಕಾಲ್ಚಳಕವಿತ್ತು, ಆ ಬೇಸಿಗೆಯಲ್ಲಿ ಬಂದ ಎನ್'ಗೋಲೊ ಕಾಂಟೆ ಚೆಂಡು ಕಿತ್ತುಕೊಳ್ಳುವುದರಲ್ಲಿ ನಿಪುಣ. ಎದುರಾಳಿಗೆ ಚೆಂಡು ಬಿಟ್ಟುಕೊಟ್ಟು, ಕಿತ್ತ ತಕ್ಷಣ ಮುಂದೆ ಕಳಿಸುವ ಸರಳ ಆಟ ಆಡಿಸಿದರು. 2016ರಲ್ಲಿ ಲೆಸ್ಟರ್ 81 ಅಂಕಗಳೊಂದಿಗೆ ಪ್ರೀಮಿಯರ್ ಲೀಗ್ ಚಾಂಪಿಯನ್ ಆಯಿತು.

ಟಿ.ವಿ.ಯಲ್ಲಿ ಸಿಟಿಯ ಆಟ ನೋಡಿ, ಹದಿಮೂರು ವರ್ಷದ ಹುಡುಗ ಹುಡುಗಿಯರಿಂದ ಹಿಂದಿನಿಂದ ಪಾಸ್ ಕಟ್ಟಿಸಲು ಹೊರಟು, ಬಾರದವರನ್ನು "ಇವನು ಆಗಲ್ಲ" ಎಂದು ಬದಿಗಿಟ್ಟರೆ ನಷ್ಟ ಆ ಮಗುವಿನದು. ಛೆಟ್ರಿಯಂಥವರಿಗೆ ಒಂದು ಕ್ಲಬ್ ಬೇಡವೆಂದರೆ ಇನ್ನೊಂದು ಸಿಗುತ್ತದೆ. ಹಳ್ಳಿಯ ಹುಡುಗಿಗೆ ಶಾಲೆಯ ತಂಡ ತಪ್ಪಿದರೆ ಆಟವೇ ತಪ್ಪುತ್ತದೆ. ಆ ವಯಸ್ಸಿನಲ್ಲಿ ದೇಹ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಇಂದು ಓಟದಲ್ಲಿ ಹಿಂದುಳಿದವಳು ಎರಡು ವರ್ಷದಲ್ಲಿ ಎಲ್ಲರನ್ನೂ ಹಿಂದಿಕ್ಕಬಹುದು. "ಒಗ್ಗುವುದಿಲ್ಲ" ಎನ್ನುವ ಮಾತು ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ, ಅತಿ ಹೆಚ್ಚು ನೋಯಿಸುವುದೂ ಇಲ್ಲಿಯೇ.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

1. ಕೋಚ್ ಬಂದು ಎಷ್ಟು ದಿನವಾಯಿತು? ಸೀಸನ್ ನಡುವೆ ಬಂದವರಿಗೆ ಶೈಲಿ ಕಲಿಸಲು ಅಭ್ಯಾಸದ ದಿನಗಳೇ ಸಿಗುವುದಿಲ್ಲ.

2. ತಂಡವನ್ನು ಆರಿಸಿದವರು ಯಾರು? ಹಿಂದಿನ ಕೋಚ್ ಕಟ್ಟಿದ ತಂಡವೋ, ಇವರೇ ಕೇಳಿ ತರಿಸಿಕೊಂಡ ಆಟಗಾರರೋ?

3. ಎಷ್ಟು ಪಂದ್ಯ ನೋಡಿ ಈ ತೀರ್ಮಾನ? ಮೂರು ನಾಲ್ಕಾದರೆ ತಡೆಯಿರಿ.

4. ಗಾಯಗೊಂಡವರು, ಅಮಾನತಾದವರು ಎಷ್ಟು ಜನ?

5. ಆಟಗಾರ "ಒಗ್ಗುವುದಿಲ್ಲ" ಎನ್ನುವ ಫಾರ್ವರ್ಡ್, ಯಾವ ಕೆಲಸಕ್ಕೆ ಒಗ್ಗುವುದಿಲ್ಲ ಎಂದು ಹೇಳುತ್ತದೆಯೇ? ಬರೀ ಫೋಟೊ, ಕೆಂಪು ಗೀಟು ಇದ್ದರೆ ಅದು ವಿಶ್ಲೇಷಣೆಯಲ್ಲ, ಬೈಗುಳ.

ಐದಕ್ಕೂ ಉತ್ತರ ಇರುವ ಸಂದೇಶ ಬಂದರೆ ಖಂಡಿತ ಹಂಚಿಕೊಳ್ಳಿ, ಅಂಥ ಚರ್ಚೆಯಿಂದ ಆಟ ನೋಡುವ ಸೊಗಸೇ ಹೆಚ್ಚುತ್ತದೆ. ಉತ್ತರ ಇಲ್ಲದಿದ್ದರೆ, ಕಳಿಸಿದವರಿಗೇ ಈ ಪ್ರಶ್ನೆಗಳನ್ನು ಕಳಿಸಿ.