ಮದ್ದು ಯಾವಾಗ ಹೊಡೆಸೋದು, ಅದನ್ನು ಮೊದಲು ಹೇಳಿ

ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಒಂದು ತರಬೇತಿ ನಡೆಯಿತು. ಬ್ಯಾನರಿನ ಮೇಲೆ ‘ಹವಾಮಾನ ಸ್ಮಾರ್ಟ್ ಕೃಷಿ’ ಎಂದಿತ್ತು. ದೀಪ ಬೆಳಗಿದರು, ಶಾಲು ಹೊದಿಸಿದರು, ಪರದೆಯ ಮೇಲೆ ಇಂಗ್ಲಿಷ್ ಗ್ರಾಫು ತೋರಿಸಿದರು. ಊಟ ಮುಗಿಸಿ ಕೈ ತೊಳೆಯುವಾಗ ಕೋಲಸಿರ್ಸಿ ಕಡೆಯ ಹಿರಿಯ ತೋಟಿಗರೊಬ್ಬರು ನಮ್ಮನ್ನು ಕೇಳಿದರು: “ತಮಾ, ಅದೆಲ್ಲ ಇರ್ಲಿ. ಈ ಸಲ ಮದ್ದು ಯಾವಾಗ ಹೊಡೆಸ್ಲಕ್ಕು?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು ಎಂದು ವರದಿ ಬರೆದು ಕಳಿಸಿದೆವು. ಅವರ ಪ್ರಶ್ನೆಯನ್ನು ಬರೆಯಲಿಲ್ಲ. ಆದ್ದರಿಂದ ಈ ಲೇಖನದ ಮೊದಲ ಬೈಗುಳ ನಮಗೇ.

ಆ ಪ್ರಶ್ನೆ ಸಣ್ಣದಲ್ಲ. ಬೋರ್ಡೋ ದ್ರಾವಣದ ಮೊದಲ ಸುತ್ತು ಮಳೆ ಹಿಡಿಯುವ ಮುಂಚೆ ಆಗಬೇಕು, ಎರಡನೆಯದು ಸುಮಾರು 40–45 ದಿನಕ್ಕೆ. ಹಿಂದೆ ರೋಹಿಣಿ, ಪುಷ್ಯ ಎಂದು ಮಳೆ ನಕ್ಷತ್ರ ನೋಡಿ ಕೊನೆಗೌಡನಿಗೆ ಹೇಳಿ ಕಳಿಸಿದರೆ ಸಾಕಿತ್ತು. ಈಗ ಆ ಲೆಕ್ಕ ಕೈಕೊಡುತ್ತಿದೆ. 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ಮರುವರ್ಷ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಶಿರೂರಿನಲ್ಲಿ ಮಳೆಗೆ ಗುಡ್ಡವೇ ಕುಸಿಯಿತು. ಇಂಥ ಕಾಲದಲ್ಲಿ ಎರಡು ದಿನದ ಹೊಳವು ಯಾವಾಗ ಸಿಗುತ್ತದೆ ಎಂಬುದೇ ತೋಟಿಗನಿಗೆ ಬೇಕಾದ ವಿದ್ಯೆ. ಅದು ತಪ್ಪಿದರೆ ಕೊಳೆ ಬಂದು ಕಾಯಿ ಉದುರುತ್ತದೆ, ವರ್ಷದ ಅನ್ನ ಹೋಗುತ್ತದೆ.

“ರೈತರು ಹೊಸದನ್ನು ಒಪ್ಪುವುದಿಲ್ಲ” ಎಂದು ವೇದಿಕೆಯ ಮೇಲಿನವರು ಹೇಳುತ್ತಾರೆ. ಸುಳ್ಳು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದರು, ಮಲೆನಾಡಿನ ಕೊಳೆರೋಗ ಅಧ್ಯಯನ ಮಾಡಿದರು, ಬೋರ್ಡೋ ಸಿಂಪಡಣೆಗೆ ದಾರಿ ಮಾಡಿದರು. ಅದುವರೆಗೆ ಕೊನೆಗೆ ಕೊಟ್ಟೆ ಕಟ್ಟುವುದೇ ಗೊತ್ತಿದ್ದ ಊರುಗಳು ಮೈಲುತುತ್ತ–ಸುಣ್ಣದ ಮದ್ದನ್ನು ಒಪ್ಪಿಕೊಂಡವು. ನೂರು ವರ್ಷ ಕಳೆದರೂ ಬಿಟ್ಟಿಲ್ಲ. ಏಕೆ? ಮದ್ದು ಬಿದ್ದ ಕೊನೆ ಉಳಿದದ್ದು ಕಣ್ಣಿಗೆ ಕಂಡಿತು. ಅಜ್ಜನಿಗೆ ಅರ್ಥವಾದ ವಿಜ್ಞಾನ ಮೊಮ್ಮಗನಿಗೆ ಅರ್ಥವಾಗದಿದ್ದರೆ ತಪ್ಪು ಹೇಳುವವರದ್ದು.

ಈಗ ಮಾಹಿತಿ ಇಲ್ಲವೆಂದೂ ಅಲ್ಲ. ಮೇಘದೂತ್ ಆ್ಯಪ್ 2019ರಿಂದ ಇದೆ. ಮಂಗಳವಾರ, ಶುಕ್ರವಾರ ಕೃಷಿ ಹವಾಮಾನ ಸಲಹೆ ಹೊರಡುತ್ತದೆ. ಆದರೆ ಜೋರು ಮಳೆ ಬಂದಾಗಲೇ ನಮ್ಮಲ್ಲಿ ಕರೆಂಟು ಹೋಗುತ್ತದೆ, ಹಿಂದೆಯೇ ಟವರೂ ಹೋಗುತ್ತದೆ. ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದವನಿಗೆ ಹತ್ತು ಪುಟದ ಪಿಡಿಎಫ್ ಕಳಿಸಿದರೆ ಅದು ಸಲಹೆಯಲ್ಲ, ಶಿಕ್ಷೆ.

ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ಇನ್ನೊಂದಿದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೆ ಪಂಚಾಯ್ತಿವಾರು ಮಳೆಯ ಲೆಕ್ಕವೇ ಆಧಾರ. ನಾವು ಕಂತು ಕಟ್ಟುತ್ತೇವೆ, ಪರಿಹಾರ ಬರುತ್ತದೋ ಇಲ್ಲವೋ ಎಂದು ಆ ಅಂಕಿ ತೀರ್ಮಾನಿಸುತ್ತದೆ. ಅದೇ ಅಂಕಿಯನ್ನು ದಿನಾ ಬೆಳಿಗ್ಗೆ ಪಂಚಾಯ್ತಿ ಬಾಗಿಲಲ್ಲಿ ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟದ್ದನ್ನು ನಾವು ಎಲ್ಲೂ ನೋಡಿಲ್ಲ. ವಿಮೆ ಕಂಪನಿಗೆ ಬೇಕಾದ ಮಳೆ ಲೆಕ್ಕ ಮಳೆಯಲ್ಲಿ ನೆನೆಯುವವನಿಗೆ ಬೇಡವೆ?

ತರಬೇತಿಗೆ ಕರೆಯುವುದು ಯಾರನ್ನು? ಪಹಣಿಯಲ್ಲಿ ಹೆಸರಿದ್ದವರನ್ನು. ಮರ ಹತ್ತಿ ಮದ್ದು ಹೊಡೆಯುವವನು ಕೊನೆಗೌಡ. ಮೆಣಸಿನ ಬಳ್ಳಿ ಬಾಡಿದ್ದನ್ನು ಎಷ್ಟೋ ಮನೆಗಳಲ್ಲಿ ಮೊದಲು ನೋಡುವವಳು ಹೆಂಗಸು. ಆ ಸಭೆಯಲ್ಲಿ ಕೊನೆಗೌಡರು ಒಬ್ಬರೂ ಇರಲಿಲ್ಲ. ಅಕ್ಕಂದಿರು ಇದ್ದರು, ಸ್ವಾಗತ ಗೀತೆ ಹಾಡಲಿಕ್ಕೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಬೇಡ.

ಒಂದು, ಪಂಚಾಯ್ತಿ, ಸೊಸೈಟಿ, ಹಾಲಿನ ಡೇರಿ ಮುಂದೆ ಕಪ್ಪು ಹಲಗೆ. ನಿನ್ನೆ ಬಿದ್ದ ಮಳೆ, ಮುಂದಿನ ಐದು ದಿನದ ಮುನ್ಸೂಚನೆ, ಮದ್ದು ಹೊಡೆಸಬಹುದೋ ಬೇಡವೋ. ಮೂರೇ ಸಾಲು ಸಾಕು.

ಎರಡು, ಪಿಡಿಎಫ್ ಬದಲು ಒಂದು ನಿಮಿಷದ ಧ್ವನಿ ಸಂದೇಶ, ನಮ್ಮೂರ ಮಾತಿನಲ್ಲಿ.

ಮೂರು, ತರಬೇತಿ ಸಭಾಭವನದಲ್ಲಿ ಬೇಡ, ತೋಟದಲ್ಲಿ ಆಗಲಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಬಾಯಲ್ಲಿ ಹೇಳಿದ್ದು ಮರೆಯುತ್ತದೆ. ಕಲಸಿದ ಮದ್ದಿನಲ್ಲಿ ಕಬ್ಬಿಣದ ಕತ್ತಿ ಅದ್ದಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎಂದು ತೋರಿಸಿದ್ದು ಮರೆಯುವುದಿಲ್ಲ. ಆ ದಿನದ ಕೂಲಿ ಕೊಟ್ಟು ಕೊನೆಗೌಡರನ್ನೂ ಕರೆಯಿರಿ.

ನಾಲ್ಕು, ರೈತರೂ ಹೇಳಲಿ, ವಿಜ್ಞಾನಿಗಳು ಕೇಳಲಿ. ರೈತರ ಕೈಗೇ ಲೇಖನಿ ಕೊಟ್ಟ ‘ಅಡಿಕೆ ಪತ್ರಿಕೆ’ 1988ರಲ್ಲೇ ಪುತ್ತೂರಿನಿಂದ ಹೊರಟಿತು. ಅಂದಮೇಲೆ ಇದು ಹೊಸ ಮಾತೇನಲ್ಲ.

ವಿಜ್ಞಾನಿಗಳ ಮೇಲೆ ನಮಗೆ ಹಗೆಯಿಲ್ಲ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡಿ ಉತ್ತರ ಪಡೆದವರು ನಮ್ಮಲ್ಲೂ ಇದ್ದಾರೆ. ಆದರೆ ಫೋನ್ ಮಾಡುವ ಧೈರ್ಯವಿದ್ದವರಿಗೆ ಮಾತ್ರ ಸಿಗುವ ವಿದ್ಯೆಯಿಂದ ಊರು ಉಳಿಯುವುದಿಲ್ಲ.

ಮುಂದಿನ ಸಭೆಗೆ ಹೋದಾಗ, ಶಾಲು ಹೊದಿಸುವ ಮೊದಲೇ ಎದ್ದು ನಿಂತು ಕೇಳಿ: “ಮದ್ದು ಯಾವಾಗ ಹೊಡೆಸೋದು?” ಉತ್ತರ ಬಂದರೆ ಅದನ್ನೇ ತಲೆಬರಹ ಮಾಡುತ್ತೇವೆ. ಬಾರದಿದ್ದರೆ ಅದನ್ನೂ ಬರೆಯುತ್ತೇವೆ. ಉದ್ಘಾಟಿಸಿದವರ ಹೆಸರು ಈ ಸಲ ಕೊನೆಯ ಸಾಲಿಗೆ.