ರೀಮಿಕ್ಸಿಗೂ ಒಂದು ಋಣವಿದೆ

ಕಳೆದ ವಾರ ಕಪಾಟಿನ ಸಿಡಿಗಳ ಧೂಳು ಒರೆಸುವಾಗ 'ಟಾಮ್ಸ್ ಡೈನರ್' ಸಿಂಗಲ್ ಕೈಗೆ ಬಂತು. ಡಬ್ಬಿಯ ಕೀಲು ಮುರಿದಿದೆ, ಸಿಡಿಯ ಮೇಲೆ ಕೂದಲೆಳೆಯಂಥ ಗೀರುಗಳಿವೆ. ಆದರೂ ಒಂದು ಕಡೆಯೂ ತಡವರಿಸದೆ ಹಾಡಿತು. ಕೇಳುತ್ತ ಕೂತಾಗ ಹಳೆಯ ಪ್ರಶ್ನೆಯೊಂದು ಮತ್ತೆ ಎದ್ದಿತು: ಇನ್ನೊಬ್ಬರ ಹಾಡನ್ನು ರೀಮಿಕ್ಸ್ ಮಾಡುವುದು ಸೃಷ್ಟಿಯೋ, ಕಳವೋ?

ಈ ಹಾಡಿನ ಚರಿತ್ರೆಯಲ್ಲಿ ಎರಡೂ ಇವೆ. ಸುಝಾನ್ ವೇಗಾ ಇದನ್ನು 1987ರ 'ಸಾಲಿಟ್ಯೂಡ್ ಸ್ಟ್ಯಾಂಡಿಂಗ್' ಆಲ್ಬಮ್ಮಿನ ಮೊದಲ ಹಾಡಾಗಿ, ಯಾವ ವಾದ್ಯವೂ ಇಲ್ಲದೆ ಹಾಡಿದ್ದರು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, 112ನೇ ಬೀದಿಯ ಮೂಲೆಯಲ್ಲಿರುವ ಟಾಮ್ಸ್ ರೆಸ್ಟೋರೆಂಟ್ ಇದರ ಹಿನ್ನೆಲೆ. ಬೆಳಗಿನ ಕಾಫಿಗೆ ಒಂಟಿಯಾಗಿ ಕೂತ ಒಬ್ಬರ ಕಣ್ಣಿಗೆ ಬಿದ್ದದ್ದು ಎರಡೇ ನಿಮಿಷಗಳಲ್ಲಿ ಹಾಡಾಗುತ್ತದೆ. 1990ರಲ್ಲಿ ಡಿಎನ್‌ಎ ಎಂಬ ಹೆಸರಿನ ಇಬ್ಬರು ಬ್ರಿಟಿಷ್ ನಿರ್ಮಾಪಕರು ಆ ದನಿಗೆ ಡ್ಯಾನ್ಸ್ ಕ್ಲಬ್ಬಿನ ತಾಳ ಕೂಡಿಸಿ, ಯಾರ ಅನುಮತಿಯನ್ನೂ ಕೇಳದೆ ರೆಕಾರ್ಡ್ ಮಾಡಿ ಹಂಚಿದರು. ವೇಗಾ ಅವರ ಕಂಪನಿ ಎ ಆಂಡ್ ಎಮ್ ಕೋರ್ಟಿಗೆ ಹೋಗಬಹುದಿತ್ತು. ಹೋಗಲಿಲ್ಲ, ಆ ರೀಮಿಕ್ಸನ್ನೇ ಕೊಂಡು ಬಿಡುಗಡೆ ಮಾಡಿತು. ಅದು ಬ್ರಿಟನ್ನಿನ ಪಟ್ಟಿಯಲ್ಲಿ 2ನೇ, ಅಮೆರಿಕದ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು.

ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿದೆ. ಮೂಲದಲ್ಲಿ ಮಾತೆಲ್ಲ ಮುಗಿದ ಮೇಲೆ ಒಂದು ಗುನುಗು ಬರುತ್ತದೆ. ಡಿಎನ್‌ಎ ಅದನ್ನು ಕತ್ತರಿಸಿ ಮುಂದಕ್ಕೆ ತಂದು ಪಲ್ಲವಿಯ ಹಾಗೆ ಮತ್ತೆ ಮತ್ತೆ ಬಳಸಿತು. ಅದನ್ನು ಕೇಳಿಸಿಕೊಂಡು ಮೂಲಕ್ಕೆ ಮರಳಿದರೆ, ವೇಗಾ ಮಾತುಗಳನ್ನು ಇಡುವ ರೀತಿಯಲ್ಲೇ ತಾಳವಿತ್ತೆಂದು ತಿಳಿಯುತ್ತದೆ. ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ವಚನ ಕೇಳಿದವರಿಗೆ ಈ ಅನುಭವ ಹೊಸದಲ್ಲ. ಓದುವಾಗ ಕಾಣದಿದ್ದ ಏರಿಳಿತ ಆ ಮಾತಿನಲ್ಲೇ ಇತ್ತೆಂದು ಆಮೇಲೆ ಅನ್ನಿಸುತ್ತದೆ. ಮೂಲದೊಳಗೆ ಅಡಗಿದ್ದನ್ನು ಹೀಗೆ ಕೇಳಿಸುವ ಕೆಲಸವನ್ನು ಸೃಷ್ಟಿಯೆಂದೇ ಕರೆಯುತ್ತೇನೆ.

ಹಾಗೆಂದು ಮೂಲದ ಕೆಲಸ ಮುಗಿಯಿತೆನ್ನಲು ಬರುವುದಿಲ್ಲ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ, ಹಾಗಾಗಿ ಕಡತ ದೊಡ್ಡದು. ಆದರೆ ಅಳೆದದ್ದೆಲ್ಲ ಕಿವಿಗೆ ಕೇಳಿಸುವುದಿಲ್ಲ. ಜೋರಾದ ಸದ್ದು ಮೆಲುಸದ್ದನ್ನು ಮುಚ್ಚಿಬಿಡುತ್ತದೆ. ಹಾಗೆ ಮುಚ್ಚಿಹೋದದ್ದನ್ನು ಬಿಟ್ಟರೆ ಕಡತ ಬಹಳ ಚಿಕ್ಕದಾಗುತ್ತದೆ. ಎಂಪಿ3 ನಿಂತಿರುವುದು ಈ ಲೆಕ್ಕದ ಮೇಲೆ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ತಮ್ಮ ಲೆಕ್ಕವನ್ನು ಪರೀಕ್ಷಿಸಲು ಮತ್ತೆ ಮತ್ತೆ ಕೇಳಿದ್ದು ವೇಗಾ ಅವರ ವಾದ್ಯವಿಲ್ಲದ ಈ ಹಾಡನ್ನೇ. ಬರಿಯ ಕಂಠದಲ್ಲಿ ದೋಷಕ್ಕೆ ಮರೆಯಿಲ್ಲ, ಒಂದಿಷ್ಟು ಒರಟಾದರೂ ಕಿವಿ ಹಿಡಿದುಬಿಡುತ್ತದೆ. ಡ್ರಮ್ಮಿನ ಸದ್ದಿದ್ದ ರೀಮಿಕ್ಸ್ ಆ ಪರೀಕ್ಷೆಗೆ ಒದಗುತ್ತಿರಲಿಲ್ಲ. ಒಂದೇ ಹಾಡಿನ ಎರಡು ರೂಪಗಳು ಹೀಗೆ ಬೇರೆ ಬೇರೆ ಕೆಲಸ ಮಾಡುತ್ತವೆ. ಎರಡೂ ಉಳಿಯಬೇಕು.

ಉಳಿಯಬೇಕಾದರೆ ಕೇಳಿ ಪಡೆಯುವ ರೂಢಿ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಮೂಲ ಧ್ವನಿಮುದ್ರಣವಾದ ಎರಡು ವರ್ಷಗಳ ಮೇಲೆ ನೋಟೀಸು ಕೊಟ್ಟು, ರಾಯಧನ ಕಟ್ಟಿ ಬೇರೆಯವರು ಆ ಹಾಡನ್ನು ಹೊಸದಾಗಿ ಹಾಡಿಸಬಹುದಿತ್ತು. 2012ರ ತಿದ್ದುಪಡಿ ಆ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಹಕ್ಕುದಾರರ ಒಪ್ಪಿಗೆಯಿಲ್ಲದೆ ಸಾಹಿತ್ಯ, ಸಂಗೀತಗಳನ್ನು ಮನಬಂದಂತೆ ಬದಲಿಸಬಾರದೆಂದೂ ವಿಧಿಸಿತು. ಇದು ಸೃಷ್ಟಿಶೀಲತೆಗೆ ಬೇಡಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವೇಗಾ ದೊಡ್ಡ ಮನಸ್ಸು ಮಾಡಿದರು. ತಮ್ಮ ಹಾಡನ್ನು ಬೇರೆಯವರು ಮಾಡಿಕೊಂಡ ರೂಪಗಳನ್ನೆಲ್ಲ ಕಲೆಹಾಕಿ 1991ರಲ್ಲಿ 'ಟಾಮ್ಸ್ ಆಲ್ಬಮ್' ಎಂದು ಹೊರತಂದರು. ಆದರೆ ಒಬ್ಬರ ಔದಾರ್ಯವನ್ನು ತೋರಿಸಿ ಉಳಿದ ಕಲಾವಿದರ ಹಕ್ಕು ಕಸಿಯಲಾಗದು. ಕೊಡುವುದು ಅವರಿಗೆ ಬಿಟ್ಟದ್ದು, ಕೇಳುವುದು ನಮ್ಮ ಕರ್ತವ್ಯ.

ರೀಮಿಕ್ಸ್ ತೀರಿಸಬೇಕಾದ ಋಣ ಇನ್ನೂ ಒಂದಿದೆ. ಡಿಎನ್‌ಎ ಹೆಸರಿನ ಜೊತೆಗೆ ಸುಝಾನ್ ವೇಗಾ ಹೆಸರೂ ಈ ಸಿಂಗಲ್ಲಿನ ಮೇಲಿದೆ. ನಾನು ಮೊದಲು ಕೊಂಡದ್ದು ಇದನ್ನು. ಆ ಹೆಸರಿನ ಜಾಡು ಹಿಡಿದು ಅಂಗಡಿ ಅಂಗಡಿ ಅಲೆದು ಆಲ್ಬಮ್ ತಂದದ್ದು ಆಮೇಲೆ. ಕೇಳುಗನನ್ನು ಹೀಗೆ ಮೂಲದ ಬಾಗಿಲವರೆಗೆ ಕರೆದೊಯ್ಯುವ ರೀಮಿಕ್ಸ್, ತಾನು ತೆಗೆದುಕೊಂಡದ್ದಕ್ಕೆ ಬಡ್ಡಿ ಸೇರಿಸಿ ಹಿಂತಿರುಗಿಸುತ್ತದೆ.